ಬಾಯಿಗೆ ತಿರುಗದ ಹೆಸರು, ಕೈಗೆ ಸಿಗದ ಸ್ಪೆಲಿಂಗು

ಮಗುವಿಗೆ ಹೆಸರು ಹುಡುಕುವ ಕೆಲಸ ಈಗ ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲೇ ನಡೆಯುತ್ತದೆ. ಯಾರಾದರೂ ‘ಮೃಣಾಳಿನಿ’ ಎಂದು ಬರೆದರೆ ಸಾಕು, ಅಮೆರಿಕದಲ್ಲಿರುವ ಚಿಕ್ಕಪ್ಪನಿಂದ ಉತ್ತರ ಬರುತ್ತದೆ: ‘ಚೆನ್ನಾಗಿದೆ, ಆದ್ರೆ ಇಲ್ಲಿಯವರ ಬಾಯಿಗೆ ತಿರುಗಲ್ಲ.’ ಅಜ್ಜಿಯ ಚಿಂತೆಯೇ ಬೇರೆ: ‘ಬೀದಿಯವರೆಲ್ಲ ಮಿಣಾಲಿ ಅಂತಾರೆ, ನೋಡ್ತಿರಿ.’ ಸೋದರತ್ತೆಗೆ ಎರಡೇ ಅಕ್ಷರದ್ದು ಬೇಕು. ಎಲ್ಲರ ಮಾತಿನಲ್ಲೂ ಒಂದಿಷ್ಟು ನಿಜವಿದೆ, ಒಂದಿಷ್ಟು ಸುಮ್ಮನೆ ಹೆದರಿಕೆ ಇದೆ. ಎರಡನ್ನೂ ಬಿಡಿಸಿ ನೋಡಿದರೆ ನನಗೆ ಕಾಣುವುದಿಷ್ಟು: ನಮ್ಮ ಹೆಸರುಗಳು ಜನರ ಬಾಯಲ್ಲಿ ಕೊಡುವ ಕಾಟಕ್ಕಿಂತ ಇಂಗ್ಲಿಷ್ ಅಕ್ಷರಗಳಲ್ಲಿ ಕೊಡುವ ಕಾಟವೇ ದೊಡ್ಡದು. ಆದರೆ ನಾವು ತಲೆ ಕೆಡಿಸಿಕೊಳ್ಳುವುದೆಲ್ಲ ಬಾಯಿಯ ಬಗ್ಗೆ. ಸ್ಪೆಲಿಂಗನ್ನು ಆಸ್ಪತ್ರೆಯ ಕೌಂಟರಿನಲ್ಲಿ ನಿಂತು, ಅರೆ ನಿಮಿಷದಲ್ಲಿ, ಯಾರದೋ ಪೆನ್ನು ಇಸಿದುಕೊಂಡು ಬರೆದು ಬರುತ್ತೇವೆ.

ತಪ್ಪು ಕಲ್ಪನೆ: ಹೆಸರು ಚಿಕ್ಕದಾಗಿದ್ದರೆ ಯಾರಿಗೂ ತೊಂದರೆಯಿಲ್ಲ

‘ಆದ್ಯಾ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಎರಡಕ್ಷರ, ಕೇಳಲು ಇಂಪು. ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಶುರುವಾಗುತ್ತದೆ ಪೇಚಾಟ. ಮೊದಲಿಗೆ ಒಂದು ‘ಎ’ಯೋ ಎರಡೋ? ಬರಿ ‘ಡಿ’ ಸಾಕೋ, ಅದರ ಬೆನ್ನಿಗೆ ‘ಎಚ್’ ಬೇಕೋ? ಕೊನೆಯಲ್ಲಿ ಒಂದು ‘ಎ’ಯೋ ಎರಡೋ? ಇಷ್ಟಕ್ಕೇ ಎಂಟು ಸ್ಪೆಲಿಂಗ್ ಆಯಿತು. ಒಂದೇ ತರಗತಿಯಲ್ಲಿ ಮೂವರು ಆದ್ಯಾ ಇದ್ದು, ಮೂವರ ಅಪ್ಪ ಅಮ್ಮಂದಿರೂ ಬೇರೆ ಬೇರೆ ದಾರಿ ಹಿಡಿದಿದ್ದರೆ ಮೇಡಂ ಯಾರದ್ದನ್ನು ನೆನಪಿಟ್ಟುಕೊಂಡಾರು? ಇಶಾನ್, ವಿಹಾನ್, ಆರವ್‌ಗಳದ್ದೂ ಇದೇ ಪಾಡು.

ಅದೇ ವೆಂಕಟೇಶ, ಗೋಪಾಲ, ನಾಗರಾಜರನ್ನು ನೋಡಿ. ಉದ್ದ ಜಾಸ್ತಿ, ಗೊಂದಲ ಕಡಿಮೆ. ತಲೆಮಾರುಗಳಿಂದ ಗುಮಾಸ್ತರು ಬರೆದು ಬರೆದು ಅವಕ್ಕೊಂದು ರೂಢಿ ಬಿದ್ದಿದೆ. ತೊಂದರೆ ಕೊಡುವುದು ಉದ್ದವಲ್ಲ. ಕನ್ನಡದಲ್ಲಿ ಸ್ಪಷ್ಟವಾಗಿ ಬೇರೆಯಾಗಿದ್ದು ಇಂಗ್ಲಿಷಿನಲ್ಲಿ ಒಂದೇ ಆಗಿಬಿಡುವ ಅಕ್ಷರಗಳಿವೆಯಲ್ಲ, ಅವು: ಹ್ರಸ್ವ ದೀರ್ಘ, ಅಲ್ಪಪ್ರಾಣ ಮಹಾಪ್ರಾಣ, ನ ಣ, ಲ ಳ. ‘ರಮಾ’ ಮತ್ತು ‘ರಾಮ’ ಕನ್ನಡದಲ್ಲಿ ಅಜಗಜಾಂತರ, ಇಂಗ್ಲಿಷಿನ ಹಾಜರಿ ಪುಸ್ತಕದಲ್ಲಿ ಇಬ್ಬರೂ ಒಂದೇ.

ತಪ್ಪು ಕಲ್ಪನೆ: ಸಂಸ್ಕೃತದ ಹೆಸರಿಟ್ಟರೆ ದೇಶದ ತುಂಬ ಒಂದೇ ಉಚ್ಚಾರ

ಈ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ‘ತಿಪ್ಪೇಸ್ವಾಮಿ ಅಂದ್ರೆ ದಿಲ್ಲಿಯವರಿಗೆ ಗೊತ್ತಾಗಲ್ಲ, ಪ್ರಜ್ಞಾ ಅಂದ್ರೆ ಎಲ್ರಿಗೂ ಗೊತ್ತಾಗತ್ತೆ’ ಎನ್ನುವವರಿದ್ದಾರೆ. ಆ ಪ್ರಜ್ಞಾಳನ್ನೇ ರೈಲು ಹತ್ತಿಸಿ ನೋಡೋಣ. ಕರ್ನಾಟಕದಲ್ಲಿ ಅವಳು ಹೆಚ್ಚುಕಡಿಮೆ ‘ಪ್ರಗ್ನಾ’. ಮಹಾರಾಷ್ಟ್ರಕ್ಕೆ ಹೋದರೆ ‘ಪ್ರದ್ನ್ಯಾ’. ಹಿಂದಿ ನಾಡಿನಲ್ಲಿ ‘ಪ್ರಗ್ಯಾ’. ಬರೆಯುವುದು ಎಲ್ಲರೂ ಅದೇ ಜ್ಞ, ಆಡುವುದು ಅವರವರ ಬಾಯಿ. ಇನ್ನು ಇಂಗ್ಲಿಷಿನಲ್ಲಿ ‘ಜೆ-ಎನ್’ ಎಂದು ಬರೆದಿದ್ದರೆ ಕಾಲ್ ಸೆಂಟರಿನ ಹುಡುಗ ಏನು ಮಾಡಬೇಕು?

‘ಮ್ಯಾಡಂ, ಹೆಸರು ಹೇಳಿ.’
‘ಪ್ರಜ್ಞಾ. ಪಿ, ಆರ್, ಎ, ಜೆ, ಎನ್, ಎ.’
‘ಪ್ರಜಾನಾ ಅವರೇ...’
‘ಅಲ್ಲಪ್ಪ, ಪ್ರಜ್ಞಾ.’
‘ಓಕೆ ಮ್ಯಾಡಂ. ಪ್ರಜಾನಾ ಅವರೇ, ನಿಮ್ಮ ಗ್ಯಾಸ್ ಸಿಲಿಂಡರ್...’

ಸಿಲಿಂಡರ್ ಬಂದರೆ ಸಾಕು ಎಂದುಕೊಂಡು ಅವಳು ಸುಮ್ಮನಾಗುತ್ತಾಳೆ. ಅದೂ ಒಂದು ಜೀವನಕ್ರಮ.

ಋಕಾರದ ಕಥೆಯೂ ಹೀಗೇ. ನಮ್ಮಲ್ಲಿ ಅದು ‘ರು’ವಿನ ಕಡೆಗೆ ವಾಲುತ್ತದೆ, ಉತ್ತರದವರಲ್ಲಿ ‘ರಿ’ಯ ಕಡೆಗೆ. ಹಾಗಾಗಿ ಬೆಂಗಳೂರಿನ ಅಮೃತಾ ಇಂಗ್ಲಿಷಿನಲ್ಲಿ ‘ಯು’ ಹಾಕಿಕೊಳ್ಳುತ್ತಾಳೆ, ಲಖನೌದ ಅಮೃತಾ ‘ಐ’ ಹಾಕಿಕೊಳ್ಳುತ್ತಾಳೆ. ಮೃದುಲಾ, ಕೃತಿಕಾ, ಕೃಪಾ ಎಲ್ಲರಿಗೂ ಈ ಕವಲುದಾರಿ ಇದ್ದದ್ದೇ. ತಮಾಷೆಯೆಂದರೆ ಕೃಷ್ಣನ ವಿಷಯದಲ್ಲಿ ಮಾತ್ರ ನಾವೂ ಉತ್ತರದವರ ‘ಐ’ಯನ್ನೇ ಒಪ್ಪಿಕೊಂಡಿದ್ದೇವೆ, ಬಾಯಲ್ಲಿ ‘ಕ್ರುಷ್ಣ’ ಎನ್ನುತ್ತಲೇ.

ತಕಾರದ ಜಗಳ ಇನ್ನೂ ಹಳೆಯದು. ದಕ್ಷಿಣದಲ್ಲಿ ನಾವು ‘ತ’ಕ್ಕೆ ‘ಟಿ-ಎಚ್’ ಬರೆಯುತ್ತೇವೆ, ಬರಿ ‘ಟಿ’ ಬರೆದರೆ ‘ಟ’ ಆಗಿಬಿಡುತ್ತದೆಂಬ ಲೆಕ್ಕ. ಉತ್ತರದವರು ‘ತ’ಕ್ಕೆ ‘ಟಿ’ ಸಾಕು ಎಂದು ‘ಟಿ-ಎಚ್’ ಅನ್ನು ‘ಥ’ಕ್ಕೆ ಮೀಸಲಿಡುತ್ತಾರೆ. ಎರಡೂ ಕಡೆಯ ತರ್ಕ ಸರಿಯೇ. ನಡುವೆ ಸಿಕ್ಕಿಕೊಳ್ಳುವವರು ಕವಿತಾ, ಲತಾ, ಗೀತಾ, ಶ್ವೇತಾ. ನಮ್ಮ ಕವಿತಾ ದಿಲ್ಲಿಯ ಕಚೇರಿಗೆ ಕಾಲಿಟ್ಟ ದಿನ ‘ಕವಿಥಾ’ ಆಗುತ್ತಾಳೆ. ‘ಳ’ಕಾರವಂತೂ ಹಿಂದಿಯಲ್ಲಿ ಬಳಕೆಯಲ್ಲೇ ಇಲ್ಲ. ಮರಾಠಿ, ಗುಜರಾತಿ, ಪಂಜಾಬಿ, ಒಡಿಯಾ ಭಾಷೆಗಳಲ್ಲಿದೆ. ನಳಿನಿಯನ್ನು ಪುಣೆಯವರು ನಳಿನಿ ಎಂದೇ ಕರೆದಾರು, ಭೋಪಾಲದವರಿಂದ ನಿರೀಕ್ಷಿಸಬಾರದು.

ಇದಕ್ಕಿಂತ ಬೇಸರ ತರಿಸುವುದು ಹೆಸರು ನಮ್ಮ ಮನೆಗೇ ವಾಪಸು ಬರುವ ರೀತಿ. ಕನ್ನಡದ ಹೆಸರು ಮೊದಲು ಇಂಗ್ಲಿಷಿಗೆ ಹೋಗುತ್ತದೆ, ಅಲ್ಲಿಂದ ಕಂಪ್ಯೂಟರು ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸುತ್ತದೆ. ಗುರುತಿನ ಚೀಟಿಯ ಕನ್ನಡ ಸಾಲಿನಲ್ಲಿ ದೊಡ್ಡಣ್ಣ ‘ದೊದ್ದನ್ನ’ನಾಗಿ, ಕಾಳಮ್ಮ ‘ಕಲಮ್ಮ’ಳಾಗಿ ಕಾಣಿಸಿಕೊಳ್ಳುವುದು ಹೀಗೆ. ಕನ್ನಡನಾಡಿನಲ್ಲಿ, ಕನ್ನಡದ ಹೆಸರಿಗೆ, ಕನ್ನಡದಲ್ಲೇ ಕಾಗುಣಿತ ತಪ್ಪುವ ಈ ಭಾಗ್ಯಕ್ಕೆ ಹೊರನಾಡಿನ ಯಾವ ನಾಲಿಗೆಯೂ ಕಾರಣವಲ್ಲ.

ತಪ್ಪು ಕಲ್ಪನೆ: ಹಿಂದಿನವರ ಹೆಸರು ಸರಳವಾಗಿತ್ತು, ಕಷ್ಟದ ಹೆಸರು ಈಗಿನವರ ಶೋಕಿ

ಕುವೆಂಪು ತಮ್ಮ ಮಕ್ಕಳಿಗೆ ಇಟ್ಟ ಹೆಸರುಗಳನ್ನು ನೆನಪಿಸಿಕೊಳ್ಳಿ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಅಪ್ಪನ ಹೆಸರು ಪುಟ್ಟಪ್ಪ, ತಾತನದು ವೆಂಕಟಪ್ಪ. ಆ ಮನೆಯಲ್ಲಿ ಮಗುವಿಗೆ ‘ಕೋಕಿಲೋದಯ ಚೈತ್ರ’ ಎಂದು ಹೆಸರಿಟ್ಟಾಗ ಊರಿನವರು ಏನೆಂದುಕೊಂಡರೋ, ಬಾಯಿಗೆ ತಿರುಗಿಸಿಕೊಂಡರಂತೂ ಹೌದು.

ಕನ್ನಡಿಗರಿಗೆ ಉದ್ದ ಹೆಸರಿನ ಭಯ ಎಂದೂ ಇರಲಿಲ್ಲ, ಏಕೆಂದರೆ ಅದನ್ನು ಮೊಟಕುಮಾಡುವ ಕಲೆ ಕೈಯಲ್ಲೇ ಇತ್ತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಡಿವಿಜಿ ಆದರು. ರಾಯಸಂ ಭೀಮಸೇನರಾವ್ ಬೀಚಿ ಆದರು. ಸಾಹಿತಿಗಳನ್ನು ಬಿಡಿ, ಊರಮನೆಗಳಲ್ಲಿ ಶ್ರೀನಿವಾಸ ಸೀನನಾಗಿ, ನಾರಾಯಣ ನಾಣಿಯಾಗಿ, ಸುಬ್ರಹ್ಮಣ್ಯ ಸುಬ್ಬನಾಗಿ, ಕೃಷ್ಣ ಕಿಟ್ಟಿಯಾಗಿ, ಲಕ್ಷ್ಮಿ ಲಚ್ಚಿಯಾಗಿ ಬಾಳಿ ಬದುಕಿದರು. ಗುಂಡಪ್ಪ ರಂಗನಾಥ ವಿಶ್ವನಾಥ್ ಇಡೀ ಕ್ರಿಕೆಟ್ ಜಗತ್ತಿಗೆ ‘ವಿಶಿ’. ಶ್ರೀನಿವಾಸನನ್ನು ಸೀನ ಎಂದು ಕರೆದರೆ ಅವಮಾನವೆಂದು ಯಾರಿಗೂ ಅನ್ನಿಸಲಿಲ್ಲ, ಕರೆದವರು ಅವನ ಜೊತೆ ಗೋಲಿಯಾಡಿದವರು ತಾನೆ.

ಶಾಸ್ತ್ರವೂ ಒಂದೇ ಹೆಸರಿಗೆ ಜೋತುಬೀಳಲಿಲ್ಲ. ನಾಮಕರಣದಲ್ಲಿ ಮಾಸನಾಮ, ನಕ್ಷತ್ರನಾಮ, ದೇವತಾನಾಮಗಳನ್ನು ಬೇರೆ ಇಟ್ಟು, ಊರಿನವರು ಕರೆಯಲು ವ್ಯವಹಾರನಾಮ ಬೇರೆ ಇಡುವ ಪದ್ಧತಿ ಇದೆ. ಅದಕ್ಕೆ ಕಾರಣವೂ ಇದ್ದೀತು. 27 ನಕ್ಷತ್ರಗಳ 108 ಪಾದಗಳಿಗೆ ಒಂದೊಂದು ಅಕ್ಷರ ಹಂಚಿದ್ದಾರಲ್ಲ, ಆರ್ದ್ರಾ ಮೂರನೆಯ ಪಾದಕ್ಕೆ ಬರುವುದು ‘ಙ’, ಹಸ್ತ ಮೂರನೆಯದಕ್ಕೆ ‘ಣ’, ಉತ್ತರಾಭಾದ್ರ ನಾಲ್ಕನೆಯದಕ್ಕೆ ‘ಞ’. ‘ಙ’ದಿಂದ ಶುರುವಾಗುವ ಹೆಸರು ಯಾವುದಿದೆ? ಪುರೋಹಿತರು ಹತ್ತಿರದ ಯಾವುದೋ ಅಕ್ಷರಕ್ಕೆ ಹೊಂದಿಸಿಕೊಡುತ್ತಾರೆ. ಈಗಿನ ಕೆಲವು ಅಪ್ಪ ಅಮ್ಮಂದಿರು ನಕ್ಷತ್ರದ ಅಕ್ಷರವನ್ನೇ ಜನನ ಪ್ರಮಾಣಪತ್ರಕ್ಕೂ ತಂದು ಪರದಾಡುವುದನ್ನು ನೋಡಿದರೆ, ಹಿಂದಿನವರು ಎರಡನ್ನೂ ಬೇರೆ ಇಟ್ಟಿದ್ದೇ ಜಾಣತನ ಅನ್ನಿಸುತ್ತದೆ.

ಅಂದಹಾಗೆ, ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು ಎಂಬ ಕಟ್ಟಳೆ ಮನುಸ್ಮೃತಿಯಲ್ಲೂ ಇದೆ, ಆದರೆ ಹೆಣ್ಣುಮಕ್ಕಳಿಗೆ ಮಾತ್ರ. ಗಂಡುಮಕ್ಕಳ ಹೆಸರಿಗೆ ಊರಿನವರ ನಾಲಿಗೆ ಎಷ್ಟು ಬೇಕಾದರೂ ಕಷ್ಟಪಡಬಹುದಿತ್ತು!

ತಪ್ಪು ಕಲ್ಪನೆ: ಮುಂದೆ ಫಾರಿನ್ನಿಗೆ ಹೋಗುವ ಮಗು, ಅಲ್ಲಿಯವರ ಬಾಯಿಗೆ ಒಗ್ಗುವ ಹೆಸರಿಡಬೇಕು

ಯಾವ ಫಾರಿನ್ನು? ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಎಲ್ಲರ ತಲೆಯಲ್ಲಿರುವುದು ಅಮೆರಿಕವೊಂದೇ. ‘ಜಯಾ’ ಎನ್ನುವುದಕ್ಕಿಂತ ಸುಲಭದ ಹೆಸರುಂಟೆ? ಮಗಳು ಜರ್ಮನಿಗೆ ಓದಲು ಹೋದರೆ ಅಲ್ಲಿಯವರು ಕಾಗದ ನೋಡಿ ‘ಯಾಯಾ’ ಎಂದು ಕರೆಯುತ್ತಾರೆ, ಅವರ ‘ಜೆ’ಯ ಉಚ್ಚಾರವೇ ‘ಯ’. ಸ್ಪೇನಿನಲ್ಲಿ ಅದೇ ‘ಜೆ’ ಹಕಾರದ ಹಾಗೆ ಕೇಳಿಸುತ್ತದೆ, ಅವಳು ‘ಹಾಯಾ’. ವಾಣಿಯನ್ನು ಸ್ಪೇನಿನವರು ‘ಬಾನಿ’ ಎಂದಾರು. ಜಪಾನಿನಲ್ಲಿ ಲಕಾರ ರಕಾರಕ್ಕೆ ಭೇದವಿಲ್ಲ, ಲತಾ ಅಲ್ಲಿ ‘ರಾತಾ’. ಇಷ್ಟೂ ದೇಶಗಳಿಗೆ ಹೊಂದುವ ಹೆಸರನ್ನು ತೊಟ್ಟಿಲಲ್ಲಿರುವಾಗಲೇ ಹುಡುಕಲು ಹೊರಟರೆ ‘ಅಮ್ಮಾ’, ‘ಮಾಮಾ’ಗಳನ್ನು ಬಿಟ್ಟು ಬೇರೇನೂ ಉಳಿಯುವುದಿಲ್ಲ.

ನ್ಯೂಜಿಲೆಂಡಿನ ಕ್ರಿಕೆಟಿಗ ರಚಿನ್ ರವೀಂದ್ರ ಗೊತ್ತಲ್ಲ. 1999ರಲ್ಲಿ ವೆಲ್ಲಿಂಗ್ಟನ್‌ನಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಬೆಂಗಳೂರಿನಿಂದ ಹೋದವರು. 2023ರ ವಿಶ್ವಕಪ್ಪಿನಲ್ಲಿ ಅವರು ಶತಕದ ಮೇಲೆ ಶತಕ ಬಾರಿಸುತ್ತಿದ್ದಾಗ ಅವರ ಹೆಸರಿನ ಕಥೆಯೂ ಮನೆಮಾತಾಯಿತು: ರಾಹುಲ್ ದ್ರಾವಿಡ್‌ನ ‘ರ’, ಸಚಿನ್ ತೆಂಡೂಲ್ಕರ್‌ನ ‘ಚಿನ್’ ಸೇರಿಸಿ ಇಟ್ಟ ಹೆಸರು ಎಂದು. ಅಪ್ಪ ರವಿ ಕೃಷ್ಣಮೂರ್ತಿ ಆಮೇಲೆ ಹೇಳಿದ್ದು ಬೇರೆ. ಹೆಂಡತಿ ಹೆಸರನ್ನು ಸೂಚಿಸಿದರು, ಕೇಳಲು ಚೆನ್ನಾಗಿತ್ತು, ಚಿಕ್ಕದಿತ್ತು, ಸ್ಪೆಲಿಂಗ್ ಸುಲಭವಿತ್ತು, ಇಟ್ಟರು. ಅದು ಇಬ್ಬರು ಆಟಗಾರರ ಹೆಸರಿನ ಬೆರಕೆ ಎಂದು ಹೊಳೆದದ್ದು ಕೆಲವು ವರ್ಷಗಳ ನಂತರವಂತೆ. ಹೊರನಾಡಿನ ಕನ್ನಡ ತಾಯ್ತಂದೆಯರು ಹೇಗೆ ಯೋಚಿಸುತ್ತಾರೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ, ಅವರು ಮಾಡಿದ್ದು ಸರಿಯಾಗಿಯೇ ಇದೆ. ಇಂಗ್ಲಿಷ್ ಮಾತಾಡುವ ಊರಿನಲ್ಲಿದ್ದರು, ಆ ಊರಿಗೆ ಹೊಂದುವ ಹೆಸರು ಆರಿಸಿದರು. ಆದರೂ ಅದೇ ಸ್ಪೆಲಿಂಗನ್ನು ಇಟಲಿಯವರ ಕೈಗೆ ಕೊಟ್ಟರೆ ‘ರಾಕಿನ್’ ಎಂದು ಓದುತ್ತಾರೆ, ಫ್ರಾನ್ಸಿನವರು ‘ಶ’ಕಾರ ತರುತ್ತಾರೆ. ಇರುವ ಊರನ್ನು ನೋಡಿ ಹೆಸರಿಡುವುದು ಬೇರೆ, ದಾವಣಗೆರೆಯಲ್ಲಿ ಕೂತು ಕ್ಯಾಲಿಫೋರ್ನಿಯಾಕ್ಕೆ ಹೆಸರಿಡುವುದು ಬೇರೆ.

ಬಾಯಿ ಕಲಿಯುತ್ತದೆ ಎನ್ನುವುದಕ್ಕೆ ನಮ್ಮ ಊರುಗಳೇ ಸಾಕ್ಷಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದಂತೆಯೇ ಆಯಿತು. ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ, ಹೊಸಪೇಟೆ ಎಂದೆಲ್ಲ ಹೊರಗಿನವರು ಹೇಗೆ ಅಂದಾರು ಎಂದು ಆಗ ಮೂಗು ಮುರಿದವರಿದ್ದರು. ಈಗ ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ, ವಿಮಾನದ ಘೋಷಣೆಯಲ್ಲಿ ಅವೇ ಹೆಸರು ಬರುತ್ತವೆ. ಸ್ವಲ್ಪ ಅಡ್ಡಾದಿಡ್ಡಿಯಾಗಿಯೇ ಬರುತ್ತವೆ, ಆದರೆ ಬರುತ್ತವೆ.

ತಪ್ಪು ಕಲ್ಪನೆ: ಕಷ್ಟದ ಹೆಸರಿನಿಂದ ಏನೂ ನಷ್ಟವಿಲ್ಲ, ಪ್ರತಿಭೆ ಇದ್ದರೆ ಸಾಕು

ಇದು ಎದುರು ಪಕ್ಷದವರ ತಪ್ಪು. ಸತ್ಯ ನಾದೆಲ್ಲಾ, ಸುಂದರ್ ಪಿಚೈ ಹೆಸರು ಹೇಳಿ ವಾದ ಮುಗಿಸಿಬಿಡುತ್ತಾರೆ. ಗೆದ್ದ ಇಬ್ಬರನ್ನು ತೋರಿಸಿದರೆ ಎಡವಿದವರ ಲೆಕ್ಕ ಸಿಗುವುದಿಲ್ಲ.

2012ರಲ್ಲಿ ಸೈಮನ್ ಲಾಹಂ, ಪೀಟರ್ ಕೋವಲ್, ಆ್ಯಡಂ ಆಲ್ಟರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವಿದೆ. ಉಚ್ಚರಿಸಲು ಸುಲಭವಾದ ಹೆಸರಿನವರನ್ನು ಜನ ಹೆಚ್ಚು ಮೆಚ್ಚುತ್ತಾರೆ, ಅಮೆರಿಕದ ವಕೀಲರ ಸಂಸ್ಥೆಗಳಲ್ಲಿ ಸುಲಭದ ಅಡ್ಡಹೆಸರಿನವರು ಮೇಲಿನ ಹುದ್ದೆಗಳಲ್ಲಿ ಹೆಚ್ಚು ಕಾಣುತ್ತಾರೆ ಎಂದು ಅವರು ತೋರಿಸಿದರು. ಹೆಸರಿನ ಉದ್ದ, ಅಪರೂಪ, ಪರದೇಶಿತನ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಈ ಪರಿಣಾಮ ಉಳಿಯಿತು. ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ ಅಮೆರಿಕದಲ್ಲಿ ಅಧ್ಯಾಪಕ ಹುದ್ದೆ ಹುಡುಕಿದವರ ಬಗ್ಗೆ ಈಚೆಗೆ ಬಂದ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ತೋರುತ್ತದೆ. ಅಂದಮೇಲೆ ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಆದರೆ ಇನ್ನೊಂದು ಅಧ್ಯಯನವನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. 2004ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕಾಗಿ ಮರಿಯಾನ್ ಬರ್ಟ್ರಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ (ಈ ಹೆಸರನ್ನು ಅವರ ಸಹೋದ್ಯೋಗಿಗಳು ಹೇಗೆ ಕಲಿತರೋ) ಬಾಸ್ಟನ್ ಮತ್ತು ಷಿಕಾಗೊದ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಕಾಲ್ಪನಿಕ ಅರ್ಜಿ ಕಳಿಸಿದರು. ಅರ್ಜಿಗಳು ಒಂದೇ ಬಗೆಯವು, ಹೆಸರು ಮಾತ್ರ ಬೇರೆ. ಎಮಿಲಿ, ಗ್ರೆಗ್‌ರಂಥ ಬಿಳಿಯರ ಹೆಸರಿಗೆ ಬಂದ ಕರೆಗಳು ಲಕೀಶಾ, ಜಮಾಲ್‌ರಂಥ ಕಪ್ಪುಜನರ ಹೆಸರಿಗೆ ಬಂದದ್ದಕ್ಕಿಂತ ಸುಮಾರು ಶೇ. 50ರಷ್ಟು ಹೆಚ್ಚಿದ್ದವು. ಜಮಾಲ್ ಎನ್ನಲು ಯಾರಿಗೆ ಕಷ್ಟ? ಅಲ್ಲಿ ನಾಲಿಗೆ ತೊಡರಲಿಲ್ಲ, ಮನಸ್ಸು ತೊಡರಿತು. ಹೆಸರಿನ ತೊಡಕು ಎಂದು ನಾವು ಕರೆಯುವುದರಲ್ಲಿ ಉಚ್ಚಾರದ ಪಾಲೆಷ್ಟು, ಜಾತಿ, ಧರ್ಮ, ಬಣ್ಣದ ಪಾಲೆಷ್ಟು ಎಂದು ಕೇಳಿಕೊಳ್ಳದೆ ಹೆಸರನ್ನು ಸುಲಭಗೊಳಿಸಿ ಪ್ರಯೋಜನವಿಲ್ಲ. ನಮ್ಮಲ್ಲೂ ಬಾಡಿಗೆ ಮನೆ ಹುಡುಕುವಾಗ ‘ಪೂರ್ತಿ ಹೆಸರೇನು?’ ಎಂದು ಮಾಲೀಕರು ಕೇಳುತ್ತಾರಲ್ಲ, ಅದು ಉಚ್ಚಾರ ಕಲಿಯುವ ಆಸೆಯಿಂದ ಕೇಳುವ ಪ್ರಶ್ನೆಯಲ್ಲ.

ತಪ್ಪು ಕಲ್ಪನೆ: ತಪ್ಪಾಗಿ ಕರೆದವರನ್ನು ತಿದ್ದಿದರೆ ದೊಡ್ಡಸ್ತಿಕೆ ಅನ್ನಿಸುತ್ತದೆ

ಮೊದಲ ಸಲ ತಪ್ಪಿದರೆ ತಪ್ಪಲ್ಲ. ಮೂರು ತಿಂಗಳಾದರೂ ಕಲಿಯದಿದ್ದರೆ ಮನಸ್ಸಿಲ್ಲ ಎಂದು ಅರ್ಥ. ಕಮಲಾ ಹ್ಯಾರಿಸ್ ತಮ್ಮ ಆತ್ಮಕಥನದ ಆರಂಭದಲ್ಲೇ ತಮ್ಮ ಹೆಸರನ್ನು ಹೇಗೆ ಹೇಳಬೇಕೆಂದು ತಿಳಿಸಿದ್ದಾರೆ, ಅಲ್ಪವಿರಾಮ ಚಿಹ್ನೆಯ ಇಂಗ್ಲಿಷ್ ಹೆಸರಿಗೆ ಹೋಲಿಸಿ. ಆದರೂ 2020ರ ಚುನಾವಣೆಯ ಹೊತ್ತಿಗೆ ಜಾರ್ಜಿಯಾದ ಒಂದು ಸಭೆಯಲ್ಲಿ ಸೆನೆಟರ್ ಡೇವಿಡ್ ಪರ್ಡ್ಯೂ ಆ ಹೆಸರನ್ನು ಬೇಕೆಂದೇ ತಿರುಚಿ ನಗೆ ಗಿಟ್ಟಿಸಿದರು. ಅವರಿಬ್ಬರೂ ಆಗ ಒಂದೇ ಸೆನೆಟ್ಟಿನಲ್ಲಿ ಸದಸ್ಯರಾಗಿದ್ದವರು. ಗೊತ್ತಿಲ್ಲದೆ ಆದದ್ದು ಎನ್ನಲು ದಾರಿಯಿರಲಿಲ್ಲ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹ್ಯಾರಿಸ್ ಹೇಳುವ ರೀತಿ ‘ಕಾಮಲಾ’ಕ್ಕೆ ಹತ್ತಿರ, ನಮ್ಮ ಅತ್ತೆ ಕಮಲಾ ಅಲ್ಲ. ಕನ್ನಡಿಗರೋ ತಮಿಳರೋ ಹೋಗಿ ‘ಅದು ಹಾಗಲ್ಲಮ್ಮ’ ಎಂದು ಅವರನ್ನು ತಿದ್ದುವುದಕ್ಕಾಗುವುದಿಲ್ಲ. ಹೆಸರಿನ ಉಚ್ಚಾರದ ಬಗ್ಗೆ ಕೊನೆಯ ಮಾತು ಅದನ್ನು ಹೊತ್ತವರದ್ದು, ನಿಘಂಟಿನದ್ದಲ್ಲ.

ಶಾಲೆಯ ವಿಷಯ ಸ್ವಲ್ಪ ಸೂಕ್ಷ್ಮ. ಅಧ್ಯಾಪಕರು ಹೆಸರನ್ನು ತಪ್ಪಾಗಿ ಕರೆಯುವುದು, ಅಥವಾ ಕಷ್ಟವೆಂದು ಬೇರೆ ಹೆಸರಿಡುವುದು ಮಕ್ಕಳ ಮೇಲೆ ಏನು ಮಾಡುತ್ತದೆ ಎಂದು ರೀಟಾ ಕೊಹ್ಲಿ ಮತ್ತು ಡೇನಿಯಲ್ ಸೊಲೊರ್ಸಾನೊ 2012ರಲ್ಲಿ ಬರೆದರು. ಅಮೆರಿಕದ ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಲ್ಲಿ ತಮ್ಮ ಮನೆಯ ಭಾಷೆ, ಮನೆಯ ಬಗ್ಗೆಯೇ ಸಂಕೋಚ ಹುಟ್ಟುವುದು ಇಂಥ ಸಣ್ಣ ಸಣ್ಣ ಸಂಗತಿಗಳಿಂದ ಎನ್ನುವುದು ಅವರ ವಾದ. ನಮ್ಮ ಕಾನ್ವೆಂಟುಗಳಲ್ಲಿ ಕೆಂಚಮ್ಮ, ಮಾದೇವಿ, ಹುಚ್ಚಪ್ಪ ಎಂಬ ಹೆಸರಿನ ಮಕ್ಕಳಿಗೆ ಏನಾಗುತ್ತಿತ್ತು ಎಂದು ನೆನೆದರೆ ಅಮೆರಿಕಕ್ಕೆ ಹೋಗಬೇಕಾಗಿಯೇ ಇಲ್ಲ. ಆ ಹೆಸರುಗಳನ್ನು ಉಚ್ಚರಿಸಲು ಯಾವ ಮಿಸ್ಸಿಗೂ ಕಷ್ಟವಿರಲಿಲ್ಲ.

ತಪ್ಪು ಕಲ್ಪನೆ: 21 ದಿನದೊಳಗೆ ಹೆಸರು ಬರೆಸಲೇಬೇಕು, ಸ್ಪೆಲಿಂಗನ್ನು ಆಮೇಲೆ ನೋಡಿಕೊಂಡರಾಯಿತು

ಎರಡೂ ಉಲ್ಟಾ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ನೋಂದಾಯಿಸಬೇಕಾದ್ದು ಜನನವನ್ನು, ಹೆಸರನ್ನಲ್ಲ. ಹೆಸರಿಲ್ಲದೆಯೇ ಜನನ ನೋಂದಣಿ ಆಗುತ್ತದೆ. ನೋಂದಣಿಯಾದ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆನಂತರ ವಿಳಂಬ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದ್ದರಿಂದ ಡಿಸ್ಚಾರ್ಜ್ ಆಗುವ ದಿನ, ನಿದ್ದೆಗೆಟ್ಟ ಕಣ್ಣಿನಲ್ಲಿ, ಹೆಸರಿನ ಅಂಕಣ ತುಂಬುವ ಅವಸರ ಯಾರಿಗೂ ಬೇಕಿಲ್ಲ.

ಸ್ಪೆಲಿಂಗಿನ ಮಾತು ಹಾಗಲ್ಲ. ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಆಧಾರ್ ಇಂಥವಕ್ಕೆಲ್ಲ ಹುಟ್ಟಿದ ದಿನ ಮತ್ತು ಊರಿನ ಪುರಾವೆ ಜನನ ಪ್ರಮಾಣಪತ್ರವೊಂದೇ. ಹಿಂದೆಲ್ಲ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ಬರೆದುಕೊಂಡದ್ದೇ ಹೆಸರು, ಅವರು ಹೇಳಿದ್ದೇ ಜನ್ಮದಿನ ಆಗುತ್ತಿತ್ತು. ಈಗ ಮೊದಲ ಕಾಗದದಲ್ಲಿ ‘ಎಚ್’ ಒಂದು ಜಾಸ್ತಿಯಾದರೆ ಅದು ಮಗುವಿನ ಬೆನ್ನಿಗಂಟಿ ಎಲ್ಲ ಕಚೇರಿಗೂ ಹೋಗುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಿಕೊಳ್ಳಲು ಜೀವಮಾನದಲ್ಲಿ ಎರಡೇ ಅವಕಾಶ.

ತಿದ್ದಲು ದಾರಿ ಇಲ್ಲವೆಂದಲ್ಲ. ಕೈತಪ್ಪಿನಿಂದಾದ ದೋಷವನ್ನು ನೋಂದಣಾಧಿಕಾರಿ ಸರಿಪಡಿಸಬಹುದು. ಸಿಬಿಎಸ್ಇ ಅಂಕಪಟ್ಟಿಯ ಹೆಸರು ತಿದ್ದುಪಡಿ ಕುರಿತ ಜಿಗ್ಯಾ ಯಾದವ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು, ತನ್ನ ಹೆಸರು ಹೇಗಿರಬೇಕೆಂದು ನಿರ್ಧರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಹೇಳಿದೆ. ಹಕ್ಕು ಇದೆ ಸರಿ. ಅದನ್ನು ಚಲಾಯಿಸಲು ಅಫಿಡವಿಟ್ಟು, ನೋಟರಿ, ಪತ್ರಿಕಾ ಪ್ರಕಟಣೆ, ಅರ್ಧ ದಿನ ರಜೆ, ‘ಸರ್ವರ್ ಡೌನ್, ನಾಳೆ ಬನ್ನಿ’ ಎಲ್ಲ ಬೇಕು.

ತಪ್ಪು ಕಲ್ಪನೆ: ಸಂಖ್ಯಾಶಾಸ್ತ್ರದವರು ಹೇಳಿದ ಒಂದೆರಡು ಅಕ್ಷರ ಸೇರಿಸಿದರೆ ಯಾರಿಗೇನು ತೊಂದರೆ

ತೊಂದರೆ ಮಗುವಿಗೆ. ಫೋನಿನಲ್ಲಿ ‘ಡಬಲ್ ಎ, ಆಮೇಲೆ ವೈ, ಮತ್ತೆ ಎಚ್’ ಎಂದು ಜೀವನಪೂರ್ತಿ ಒಪ್ಪಿಸಬೇಕಾದವರು ಅವರು. ಇಂಗ್ಲಿಷ್ ಅಕ್ಷರಕ್ಕೊಂದು ಅಂಕೆ ಕೊಟ್ಟು ಕೂಡಿಸುವ ಲೆಕ್ಕವಿದು. ಹೆಸರನ್ನು ಕನ್ನಡದಲ್ಲಿ ಬರೆದ ದಿನ ಆ ಅದೃಷ್ಟ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ಬಾರದು. ಇಂಟರ್ನೆಟ್ಟಿನ ಪಟ್ಟಿಯಿಂದ ಅರ್ಥಸಮೇತ ಹೆಸರು ಹೆಕ್ಕುವವರಿಗೂ ಇಲ್ಲೇ ಒಂದು ಮಾತು. ‘ಆರವ್’ ಎಂದರೆ ಪ್ರಶಾಂತ ಎಂದು ಆ ಪಟ್ಟಿಗಳು ಹೇಳುತ್ತವೆ. ಸಂಸ್ಕೃತದಲ್ಲಿ ಆರವ ಎಂದರೆ ಸದ್ದು, ಕೂಗು. ರಾತ್ರಿ ಎರಡಕ್ಕೆ ಎದ್ದು ತೊಟ್ಟಿಲು ತೂಗಿದವರು ನಿಘಂಟನ್ನೇ ನಂಬುತ್ತಾರೆ.

ತಪ್ಪು ಕಲ್ಪನೆ: ಮೊದಲ ಹೆಸರು ಸರಿಯಾಗಿದ್ದರೆ ಮುಗಿಯಿತು, ಇನಿಷಿಯಲ್ ಲೆಕ್ಕಕ್ಕಿಲ್ಲ

ಹಳೇ ಮೈಸೂರು ಕಡೆಯವರು ಹೆಚ್ಚು ಎಡವುವುದು ಇಲ್ಲೇ. ಉತ್ತರ ಕರ್ನಾಟಕದಲ್ಲಿ ಪಾಟೀಲ, ಬೆಲ್ಲದ, ಹೂಗಾರ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಅಡ್ಡಹೆಸರುಗಳ ಸಂತೆಯೇ ಇದೆ. ಅರ್ಜಿಯ ‘ಸರ್‌ನೇಮ್’ ಅಂಕಣ ಅವರಿಗೆ ಹೆದರಿಕೆ ಹುಟ್ಟಿಸುವುದಿಲ್ಲ. ಈ ಕಡೆ ಹಾಗಲ್ಲ. ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಮುಂದೆ ತನ್ನ ಹೆಸರು. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಎಂಬುದು ಎಚ್.ಡಿ. ದೇವೇಗೌಡ. ನಮ್ಮೊಳಗೆ ಇದು ಚೆಂದದ ವ್ಯವಸ್ಥೆ. ಪಾಸ್‌ಪೋರ್ಟಿನ ಯಂತ್ರಕ್ಕೆ ಅರ್ಥವಾಗದ ವ್ಯವಸ್ಥೆ.

ಸರ್‌ನೇಮ್ ಅಂಕಣ ಖಾಲಿ ಬಿಟ್ಟ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಸಿಕ್ಕಾಗ ನಿಮ್ಮ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಎಂಬ ಮೂರು ಅಕ್ಷರ ಕೂರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು. ಅಲ್ಲಿಯ ಬ್ಯಾಂಕು, ಚಾಲನಾ ಪರವಾನಗಿ, ವಿಮೆ ಎಲ್ಲದರಲ್ಲೂ ಅದೇ ಮುಂದುವರಿದು ‘ಮಿಸ್ಟರ್ ಫ್ನೂ’ ಎನ್ನಿಸಿಕೊಂಡವರಿದ್ದಾರೆ. 2022ರ ನವೆಂಬರಿನಲ್ಲಿ ಯುಎಇ ಇನ್ನೂ ಮುಂದೆ ಹೋಗಿ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ನಡೆಯುತ್ತದೆ ಎಂದು ಆಮೇಲೆ ಸಡಿಲಿಸಿತು. ಮೃಣಾಳಿನಿಯ ‘ಳ’ವನ್ನು ಯಾರು ಹೇಗೆ ಹೇಳಿಯಾರು ಎಂದು ತಿಂಗಳುಗಟ್ಟಲೆ ಚರ್ಚಿಸಿದ ಮನೆಯವರು ‘ಮೃಣಾಳಿನಿ ಎಸ್’ ಎಂದು ಬರೆಸಿ ಬಂದಿರುತ್ತಾರೆ, ಆ ‘ಎಸ್’ ಮುಂದೆ ಎಷ್ಟು ಕಚೇರಿ ಹತ್ತಿಳಿಯಬೇಕು ಎಂಬ ಅಂದಾಜಿಲ್ಲದೆ.

ಹೆಸರು ಬರೆಸಲು ಹೋಗುವವರು ಒಂದು ಬಿಳಿ ಹಾಳೆಯಲ್ಲಿ ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಇನಿಷಿಯಲ್ಲಿನ ವಿಸ್ತರಣೆ ಎಲ್ಲವನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಬಾಯಲ್ಲಿ ಹೇಳಿದರೆ ಗುಮಾಸ್ತರು ತಮ್ಮ ಕಿವಿಗೆ ಬಿದ್ದದ್ದನ್ನು ಟೈಪು ಮಾಡುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಪ್ರಿಂಟ್ ಕೊಡುವ ಮುನ್ನ ಪರದೆಯನ್ನು ಈ ಕಡೆ ತಿರುಗಿಸಲು ಕೇಳಿ, ಎರಡೂ ಭಾಷೆಯ ಸಾಲನ್ನು ಅಕ್ಷರಕ್ಕಕ್ಷರ ಓದಿ ನೋಡಬೇಕು. ಹಿಂದೆ ಸಾಲು ನಿಂತವರು ಗೊಣಗಿದರೆ ಗೊಣಗಲಿ.